ದಂಡು ಪೇಟೆಗೆ ಬಂದಾಗ

ಬೆಂಗಳೂರಿನ ಹಳಬರು ಕಂಟೋನ್ಮೆಂಟ್ ರೈಲು ನಿಲ್ದಾಣವನ್ನು ಈಗಲೂ ‘ದಂಡು’ ಎಂದೇ ಕರೆಯುತ್ತಾರೆ. ೧೮೦೯ರಲ್ಲಿ ಇಂಗ್ಲಿಷರು ತಮ್ಮ ಸೈನ್ಯವನ್ನು ಅಲ್ಲಿ ತಂದು ನೆಲೆಗೊಳಿಸಿದ ಮೇಲೆ ಒಂದು ಊರು ಎರಡಾಯಿತು. ಈಚೆಗೆ ಪೇಟೆ, ಆಚೆಗೆ ದಂಡು. ಪೇಟೆಯಲ್ಲಿ ಬಳೆ, ಬೆಲ್ಲ, ಸೀರೆ, ಗುಡಿಯ ಗಂಟೆ; ದಂಡಿನಲ್ಲಿ ಕವಾಯತು, ಕಹಳೆ, ಬ್ಯಾರಕ್ಕು. ೧೯೪೯ರಲ್ಲಿ ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆದವು. ಆದರೆ ಜನರ ಬಾಯಲ್ಲಿ ಆ ಎರಡು ಹೆಸರುಗಳೂ ಉಳಿದುಕೊಂಡವು.

ಇಂಗ್ಲಿಷರು ತಮ್ಮ ಅನುಕೂಲಕ್ಕಾಗಿ ಮಾಡಿಕೊಂಡ ಈ ಭೇದದ ಹಿಂದೆ, ಅವರು ಬಯಸಿದ್ದರೋ ಇಲ್ಲವೋ, ಪ್ರಜಾರಾಜ್ಯಕ್ಕೆ ಬೇಕಾದ ಒಂದು ದೊಡ್ಡ ತತ್ತ್ವವೇ ಅಡಗಿದೆ. ದಂಡಿನ ಕೆಲಸ ಬೇರೆ, ಪೇಟೆಯ ಕಾವಲು ಬೇರೆ. ದಂಡು ಪೇಟೆಗೆ ಬರಬಾರದೆಂದಲ್ಲ. ಬರಬೇಕಾದರೆ ಯಾರಾದರೂ ಕರೆಯಬೇಕು. ಕರೆದವರು ಹೊಣೆ ಹೊರಬೇಕು. ಬಂದವರು ಕೆಲಸ ಮುಗಿಸಿ ಹಿಂದಿರುಗಬೇಕು. ಇದಿಷ್ಟೇ ಆ ತತ್ತ್ವ. ಕೇಳಲು ಸರಳ, ನಡೆಸಲು ಕಷ್ಟ.

ಇದನ್ನು ಕುರಿತು ಬರೆಯಬೇಕೆಂದು ನಮಗೆ ತೋರಿದ್ದಕ್ಕೆ ಕಾರಣ ಒಂದು ಹಳೆಯ ಪ್ರಶ್ನೆ. ೧೯೯೩ರ ಜನವರಿಯಲ್ಲಿ ಮುಂಬಯಿಯಲ್ಲಿದ್ದ ಓದುಗರಿಗೆ ಆ ದಿನಗಳ ವಿಷಯ ನಾವು ಹೇಳಬೇಕಾದ್ದೇನೂ ಇಲ್ಲ. ಕಟ್ಟಡದ ಗೇಟಿಗೆ ಬೀಗ. ಹಾಲಿನವನಿಲ್ಲ, ಪೇಪರಿನವನಿಲ್ಲ. ಗಂಡಸರು ಸರದಿಯ ಮೇಲೆ ರಾತ್ರಿ ಪಹರೆ. ಒಂದು ಮಧ್ಯಾಹ್ನ ಹಸಿರು ಬಣ್ಣದ ಲಾರಿಗಳು ನಮ್ಮ ಬೀದಿಗೆ ಸಾಲಾಗಿ ಬಂದವು. ಎರಡನೆಯ ಮಾಳಿಗೆಯ ಅಜ್ಜಿ ಕಿಟಕಿಯಿಂದಲೇ ಕೈಮುಗಿದು, “ಮಿಲಿಟರಿ ಬಂತಲ್ಲ, ಇನ್ನು ಬದುಕಿಕೊಂಡೆವು” ಎಂದರು. ಲಾರಿಗಳು ಬೀದಿಯ ಕೊನೆಯವರೆಗೆ ಹೋದವು, ತಿರುಗಿದವು, ಹೊರಟುಹೋದವು. ದೂರದಲ್ಲಿ ಹೊಗೆ ಏಳುತ್ತಲೇ ಇತ್ತು. ನೆರೆಮನೆಯ ಹುಡುಗ ನಮ್ಮನ್ನು ಕೇಳಿದ: “ಇವರು ಇಷ್ಟು ದಿನ ಯಾಕೆ ಬರಲಿಲ್ಲ ಮಾಮ? ಬಂದವರು ಯಾಕೆ ಸುಮ್ಮನೆ ಹೋದರು? ಇವರಿಗೆ ಹೇಳುವವರು ಯಾರು?”

ಆಗ ನಮಗೆ ಉತ್ತರ ತಿಳಿಯಲಿಲ್ಲ. ಆ ಹುಡುಗ ಈಗ ಎರಡು ಮಕ್ಕಳ ತಂದೆ. ತಡವಾಗಿಯಾದರೂ ಅವನ ಮೂರನೆಯ ಪ್ರಶ್ನೆಗೆ ಇಲ್ಲಿ ಉತ್ತರ ಹೇಳಲು ಯತ್ನಿಸಿದ್ದೇವೆ. ಅದು ತಿಳಿದರೆ ಮೊದಲಿನ ಎರಡಕ್ಕೂ ಉತ್ತರ ತಾನಾಗಿ ದೊರೆಯುತ್ತದೆ.

ಕೋವಿ ಒಂದೇ, ಕೈ ಬೇರೆ

ಮೊದಲು ಒಂದು ಸಂಶಯವನ್ನು ಕಳೆಯಬೇಕು. ಪೋಲೀಸಿನವನ ಕೈಯಲ್ಲೂ ಕೋವಿ, ಸಿಪಾಯಿಯ ಕೈಯಲ್ಲೂ ಕೋವಿ. ಇಬ್ಬರೂ ಸರ್ಕಾರದ ಸಂಬಳದವರು. ಹಾಗಿದ್ದಮೇಲೆ ಯಾರು ಬಂದರೇನು?

ಭೇದ ಇರುವುದು ಶಿಕ್ಷಣದಲ್ಲಿ. ಪೋಲೀಸಿನವನ ಎದುರಿಗೆ ನಿಂತವನು ಈ ದೇಶದ ಪ್ರಜೆ. ಅವನು ತಪ್ಪು ಮಾಡಿದ್ದರೂ ಅವನನ್ನು ಹಿಡಿದು, ಸಾಕ್ಷ್ಯ ಕೂಡಿಸಿ, ನ್ಯಾಯಾಧೀಶರ ಮುಂದೆ ಜೀವಸಹಿತ ನಿಲ್ಲಿಸುವುದು ಪೋಲೀಸಿನ ಕೆಲಸ. ಸಿಪಾಯಿಗೆ ಕಲಿಸುವ ವಿದ್ಯೆ ಬೇರೆ. ಅವನ ಎದುರಿಗೆ ಇರುವವನು ವೈರಿ. ವೈರಿಯನ್ನು ಕೋರ್ಟಿಗೆ ಕರೆತರುವುದಿಲ್ಲ, ಸೋಲಿಸಬೇಕು. ಇದರಲ್ಲಿ ಒಬ್ಬರು ಮೇಲು, ಒಬ್ಬರು ಕೀಳು ಎಂಬ ಮಾತಿಲ್ಲ. ಹಾರೆಯ ಕೆಲಸಕ್ಕೆ ಸೂಜಿ ಬಾರದು, ಸೂಜಿಯ ಕೆಲಸಕ್ಕೆ ಹಾರೆ ಬಾರದು.

ಈ ಭೇದ ಎಷ್ಟು ಆಳವಾದುದೆಂಬುದಕ್ಕೆ ಅಮೆರಿಕದಲ್ಲಿ ನಡೆದ ಒಂದು ಪ್ರಸಂಗವನ್ನು ಹೇಳಬಹುದು. ಅಲ್ಲಿ ೧೮೭೮ರಿಂದ ‘ಪಾಸೆ ಕಾಮಿಟೇಟಸ್’ ಎಂಬ ಹೆಸರಿನ ಕಾಯಿದೆಯೊಂದಿದೆ. ಸಂವಿಧಾನವಾಗಲಿ ಶಾಸನಸಭೆಯಾಗಲಿ ಸ್ಪಷ್ಟವಾಗಿ ಒಪ್ಪಿಗೆ ಕೊಡದೆ ಸೈನ್ಯವನ್ನು ಪೋಲೀಸಿನ ಕೆಲಸಕ್ಕೆ ಹಚ್ಚಿದರೆ ಅದರ ಪ್ರಕಾರ ಅಪರಾಧ. ಒಪ್ಪಿಗೆ ಕೊಡುವ ಬೇರೊಂದು ಹಳೆಯ ಕಾಯಿದೆಯ ಆಧಾರದ ಮೇಲೆ ೧೯೯೨ರಲ್ಲಿ ಲಾಸ್ ಏಂಜಲಿಸ್ ನಗರದ ದೊಂಬಿಗೆ ಸೈನ್ಯ ಬಂತು. ಕಾಂಪ್ಟನ್ ಎಂಬಲ್ಲಿ ಗಂಡಹೆಂಡಿರ ಜಗಳವೊಂದರ ದೂರು ಬಂದಾಗ ಇಬ್ಬರು ಪೋಲೀಸರು ಹೋದರು; ಜೊತೆಗೆ ಮೆರೀನ್ ಪಡೆಯ ಯೋಧರು. ಮನೆಯ ಬಾಗಿಲಿನೊಳಗಿಂದ ಚರೆಗುಂಡು ಹಾರಿತು. ಪೋಲೀಸಿನವನು ಯೋಧರತ್ತ ತಿರುಗಿ, ತನಗೆ ‘ಕವರ್’ ಕೊಡಿರೆಂದು ಕೂಗಿದ. ಪೋಲೀಸರ ಭಾಷೆಯಲ್ಲಿ ಅದರ ಅರ್ಥ, ಕೋವಿಯನ್ನು ಗುರಿಯಿಟ್ಟು ಸಿದ್ಧವಾಗಿ ನಿಲ್ಲಿ, ಅಗತ್ಯಬಿದ್ದರೆ ಮಾತ್ರ ಹಾರಿಸಿ ಎಂದು. ಯೋಧರ ಭಾಷೆಯಲ್ಲಿ ಅದರ ಅರ್ಥ, ವೈರಿ ತಲೆಯೆತ್ತದಂತೆ ಎಡೆಬಿಡದೆ ಗುಂಡಿನ ಮಳೆ ಕರೆಯಿರಿ ಎಂದು. ಕ್ಷಣಮಾತ್ರದಲ್ಲಿ ಇನ್ನೂರಕ್ಕೂ ಹೆಚ್ಚು ಗುಂಡುಗಳು ಆ ಮನೆಗೆ ನಾಟಿದವು. ಯಾರೂ ಸಾಯಲಿಲ್ಲ, ಅದು ಆ ಮನೆಯವರ ಆಯುಸ್ಸು ಗಟ್ಟಿ ಎನ್ನಬೇಕು. ಅಲ್ಲಿ ತಪ್ಪು ಯಾರದು? ಇಬ್ಬರೂ ತಾವು ಕಲಿತದ್ದನ್ನೇ ಮಾಡಿದರು. ಸಿಪಾಯಿಯನ್ನು ಪೋಲೀಸಿನ ಜಾಗದಲ್ಲಿ ನಿಲ್ಲಿಸುವುದರ ಅಪಾಯ ಇದೇ.

ನಮ್ಮ ಕಾಯಿದೆ ಏನು ಹೇಳುತ್ತದೆ

ಈಗ ನಮ್ಮ ದೇಶದ ಮಾತು. ಸಂವಿಧಾನದಲ್ಲಿ ಊರಿನ ಶಾಂತಿಪಾಲನೆ ರಾಜ್ಯ ಸರ್ಕಾರಗಳ ಪಾಲಿನ ಕೆಲಸ. ಸೈನ್ಯ ಕೇಂದ್ರದ ಪಾಲಿನದು. ಇವೆರಡನ್ನೂ ಜೋಡಿಸುವ ಸೇತುವೆಗೆ ‘ನಾಗರಿಕ ಅಧಿಕಾರಕ್ಕೆ ನೆರವು’ ಎಂದು ಹೆಸರು. ಓದುಗರು ‘ನೆರವು’ ಎಂಬ ಶಬ್ದವನ್ನು ಗಮನಿಸಬೇಕು. ನೆರವಿಗೆ ಬಂದವರು ಮನೆಯ ಯಜಮಾನರಾಗುವುದಿಲ್ಲ.

ನೆರವೆಂದರೆಲ್ಲ ಕೋವಿಯ ನೆರವೇ ಅಲ್ಲ. ೧೯೬೧ರ ಜುಲೈ ೧೨ರಂದು ಪಾನ್‌ಶೆತ್ ಅಣೆಕಟ್ಟು ಒಡೆದು ಪುಣೆಗೆ ನೀರು ನುಗ್ಗಿದ ಕಥೆಯನ್ನು ಅಲ್ಲಿಯ ನಮ್ಮವರ ಮನೆಗಳಲ್ಲಿ ಇಂದಿಗೂ ಹೇಳುತ್ತಾರೆ. ಕಟ್ಟೆ ಒಡೆಯುವ ಮುನ್ನ ಅದಕ್ಕೆ ಮರಳಿನ ಚೀಲಗಳನ್ನು ಹೊತ್ತು ಪೇರಿಸಿದವರು ಸೈನಿಕರು. ನೆರೆ, ಭೂಕಂಪ, ಚಂಡಮಾರುತಗಳಲ್ಲಿ ದಂಡು ಬಂದರೆ ಯಾರೂ ಕಾಯಿದೆಯ ಪುಸ್ತಕ ತೆರೆಯುವುದಿಲ್ಲ. ಅನ್ನವಿದ್ದರೆ ಅನ್ನ, ಚಹವಿದ್ದರೆ ಚಹ ಕೊಟ್ಟು ಕೈಮುಗಿಯುತ್ತೇವೆ. ಕಾಯಿದೆಯ ಕಟ್ಟುನಿಟ್ಟು ಬರುವುದು ಜನರ ಗುಂಪಿನ ಎದುರಿಗೆ ಸಿಪಾಯಿಯನ್ನು ನಿಲ್ಲಿಸುವಾಗ.

ಆ ಕಟ್ಟುನಿಟ್ಟು ಇಂಗ್ಲಿಷರ ಕಾಲದ ಕ್ರಿಮಿನಲ್ ಪ್ರೊಸೀಜರ್ ಕೋಡಿನಲ್ಲೇ ಇತ್ತು. ೧೮೯೮ರ ಕೋಡಿನಿಂದ ೧೯೭೩ರ ಕೋಡಿಗೆ ಬಂತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ೧೪೮ರಿಂದ ೧೫೧ರವರೆಗಿನ ನಾಲ್ಕು ಕಲಮುಗಳಾಗಿ ನಿಂತಿದೆ. ಹಿಂದೆ ಇವೇ ೧೨೯ರಿಂದ ೧೩೨. ವಕೀಲರ ಭಾಷೆಯನ್ನು ಬಿಟ್ಟು ಮನೆಮಾತಿನಲ್ಲಿ ಹೇಳುವುದಾದರೆ ಅವುಗಳ ಸಾರ ಇಷ್ಟು.

ಒಂದು, ಕಾನೂನಿಗೆ ವಿರುದ್ಧವಾಗಿ ಗುಂಪು ಸೇರಿದರೆ ಮೊದಲು ಬಾಯಿಮಾತಿನಲ್ಲಿ ಚೆದರಿಹೋಗಲು ಆಜ್ಞೆ ಮಾಡಬೇಕು. ಕೇಳದಿದ್ದರೆ ಪೋಲೀಸರ ಬಲ.

ಎರಡು, ಅದರಿಂದಲೂ ಆಗದೆ, ಸಾರ್ವಜನಿಕರ ರಕ್ಷಣೆಗಾಗಿ ಗುಂಪನ್ನು ಚೆದರಿಸಲೇಬೇಕಾಗಿದ್ದರೆ, ಸ್ಥಳದಲ್ಲಿರುವ ಜಿಲ್ಲಾ ಮ್ಯಾಜಿಸ್ಟ್ರೇಟರು ಅಥವಾ ಅವರು ಅಧಿಕಾರ ಕೊಟ್ಟ ಎಕ್ಸಿಕ್ಯುಟಿವ್ ಮ್ಯಾಜಿಸ್ಟ್ರೇಟರು ಸೈನ್ಯದ ನೆರವನ್ನು ಕೇಳಬಹುದು. ಸೈನ್ಯದ ಅಧಿಕಾರಿ ಒಲ್ಲೆನೆನ್ನುವಂತಿಲ್ಲ. ಆದರೆ ಹೇಗೆ ಮಾಡಬೇಕೆಂಬುದು ಅವನ ವಿವೇಚನೆಗೆ ಸೇರಿದ್ದು. ಆ ವಿವೇಚನೆಗೂ ಮೂಗುದಾರ ಉಂಟು: ಗುಂಪನ್ನು ಚೆದರಿಸಲು, ಹಿಡಿಯಬೇಕಾದವರನ್ನು ಹಿಡಿಯಲು ಎಷ್ಟು ಬೇಕೋ ಅಷ್ಟೇ ಬಲ. ಜನರ ಮೈಗೂ ಆಸ್ತಿಗೂ ಸಾಧ್ಯವಾದಷ್ಟು ಕಡಮೆ ಹಾನಿ.

ಮೂರು, ಪರಿಸ್ಥಿತಿ ಕೈಮೀರಿ, ಮ್ಯಾಜಿಸ್ಟ್ರೇಟರಿಗೆ ಸುದ್ದಿ ಮುಟ್ಟಿಸುವ ದಾರಿಯೇ ಇಲ್ಲದಿದ್ದರೆ, ಸೈನ್ಯದ ಅಧಿಕಾರಿ ತಾನೇ ಮುಂದಾಗಬಹುದು. ಆದರೆ ಸುದ್ದಿ ಮುಟ್ಟಿಸಲು ಸಾಧ್ಯವಾದ ಕ್ಷಣವೇ ಮುಟ್ಟಿಸಬೇಕು. ಆಮೇಲೆ ಮುಂದುವರಿಯಬೇಕೋ ನಿಲ್ಲಿಸಬೇಕೋ ಎಂಬುದು ಮ್ಯಾಜಿಸ್ಟ್ರೇಟರ ಮಾತಿನಂತೆ.

ನಾಲ್ಕು, ಹೀಗೆ ಒಳ್ಳೆಯ ಮನಸ್ಸಿನಿಂದ ನಡೆದುಕೊಂಡವರಿಗೆ ರಕ್ಷಣೆ ಉಂಟು. ತಾನು ಪಾಲಿಸಲೇಬೇಕಾದ ಆಜ್ಞೆಯನ್ನು ಪಾಲಿಸಿದ ಸಿಪಾಯಿಯನ್ನು ಅಪರಾಧಿಯೆನ್ನುವಂತಿಲ್ಲ. ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಸೈನಿಕರ ಮೇಲೆ ಮೊಕದ್ದಮೆ ಹೂಡುವಂತಿಲ್ಲ.

ಹುಡುಗನ ಪ್ರಶ್ನೆಗೆ ಇಲ್ಲಿ ಅರ್ಧ ಉತ್ತರ ಸಿಕ್ಕಿತು. “ಇವರಿಗೆ ಹೇಳುವವರು ಯಾರು?” ಸಾಮಾನ್ಯ ಕಾಯಿದೆಯ ಪ್ರಕಾರ ಹೇಳುವವರು ಮ್ಯಾಜಿಸ್ಟ್ರೇಟರು. ಖಾಕಿಯೂ ಇಲ್ಲದ, ಹಸಿರೂ ಇಲ್ಲದ, ಸಾದಾ ಷರಟಿನ ಒಬ್ಬ ಅಧಿಕಾರಿ. ಅವರ ಮೇಲೆ ರಾಜ್ಯದ ಮಂತ್ರಿಗಳು, ಮಂತ್ರಿಗಳ ಮೇಲೆ ಶಾಸನಸಭೆ, ಶಾಸನಸಭೆಯ ಮೇಲೆ ಮತ ಹಾಕಿದ ನಾವು ನೀವು. ಹಗ್ಗದ ಒಂದು ತುದಿ ಸಿಪಾಯಿಯ ಕೋವಿಗೆ ಕಟ್ಟಿದ್ದರೆ ಇನ್ನೊಂದು ತುದಿ ನಮ್ಮ ಅಡಿಗೆಮನೆಯವರೆಗೂ ಬಂದಿದೆ.

ಹೈದರಾಬಾದಿನ ಓದುಗರು ಇಲ್ಲಿ ಒಂದು ಮಾತು ಕೇಳಬಹುದು: “೧೯೪೮ರ ಸೆಪ್ಟೆಂಬರಿನಲ್ಲಿ ನಮ್ಮಲ್ಲಿಗೆ ಬಂದದ್ದು ಸೈನ್ಯ. ಆದರೂ ಅದನ್ನು ‘ಪೋಲೀಸ್ ಕಾರ್ಯಾಚರಣೆ’ ಎಂದರಲ್ಲ?” ನಿಜ. ಬೀದರ, ಗುಲ್ಬರ್ಗ, ರಾಯಚೂರುಗಳ ಹಿರಿಯರೂ ಅದನ್ನು ಹಾಗೆಯೇ ಕರೆಯುತ್ತಿದ್ದರು. ಹೆಸರು ಪೋಲೀಸಿನದು, ಕೆಲಸ ದಂಡಿನದು. ಅದು ಯಾವ ಮ್ಯಾಜಿಸ್ಟ್ರೇಟರೂ ಕರೆದ ನೆರವಲ್ಲ. ನಿಜಾಮರ ಸರ್ಕಾರದ ವಿರುದ್ಧವೇ ಹೊರಟ ದಂಡು. ಆಮೇಲೆ ಮೇಜರ್ ಜನರಲ್ ಜೆ. ಎನ್. ಚೌಧುರಿಯವರು ಮಿಲಿಟರಿ ಗವರ್ನರಾಗಿ ಆಡಳಿತ ನಡೆಸಿದರು. ೧೯೫೦ರಲ್ಲಿ ಎಂ. ಕೆ. ವೆಳ್ಳೋಡಿಯವರು ಮುಖ್ಯಮಂತ್ರಿಯಾಗಿ ನೇಮಕವಾದ ಮೇಲೆ ಪೇಟೆಯ ಆಡಳಿತ ಪೇಟೆಯವರ ಕೈಗೆ ಬಂತು. ನಾವು ಹೇಳುತ್ತಿರುವ ಕಾಯಿದೆಗೆ ಅದು ಸೇರಿದ್ದಲ್ಲ.

ಕಾಯಿದೆ ಇತ್ತು, ಕಡಿವಾಣ ಕಳಚಿತ್ತು

‘ಎಷ್ಟು ಬೇಕೋ ಅಷ್ಟೇ ಬಲ’ ಎಂಬ ಮಾತು ೧೮೯೮ರ ಕೋಡಿನಲ್ಲೇ ಇತ್ತೆಂದೆವು. ಹಾಗಾದರೆ ೧೯೧೯ರ ಏಪ್ರಿಲ್ ೧೩ರಂದು ಅಮೃತಸರದಲ್ಲಿ ಅದು ಎಲ್ಲಿ ಹೋಗಿತ್ತು?

ಆ ದಿನ ಮಾರ್ಷಲ್ ಲಾ ಇನ್ನೂ ಸಾರಿರಲಿಲ್ಲ. ಸಾರಿದ್ದು ಎರಡು ದಿನ ಕಳೆದ ಮೇಲೆ. ಆದರೆ ಜಿಲ್ಲೆಯ ಅಧಿಕಾರಿ ಅದಕ್ಕೂ ಮುಂಚೆಯೇ ಊರನ್ನು ಸೈನ್ಯದ ಕೈಗೆ ಒಪ್ಪಿಸಿಬಿಟ್ಟಿದ್ದರು. ಜನರಲ್ ಡಯರ್ ಜಲಿಯನ್‌ವಾಲಾ ಬಾಗಿಗೆ ಬಂದಾಗ ಜೊತೆಯಲ್ಲಿ ಮ್ಯಾಜಿಸ್ಟ್ರೇಟರಿಲ್ಲ. ಚೆದರಿ ಹೋಗಿರೆಂಬ ಎಚ್ಚರಿಕೆಯ ಒಂದು ಮಾತೂ ಇಲ್ಲ. ಬಂದ ಅರ್ಧ ನಿಮಿಷದೊಳಗೆ ಗುಂಡು. ಹತ್ತು ನಿಮಿಷ ಹಾರಿತು. ೧,೬೫೦ ತೋಟೆಗಳು ಖರ್ಚಾದವು. ಸರ್ಕಾರದ ಲೆಕ್ಕದಲ್ಲೇ ಸತ್ತವರು ೩೭೯. ಜನರ ಲೆಕ್ಕ ಅದಕ್ಕಿಂತ ಬಹಳ ಹೆಚ್ಚು. ಓಣಿ ಕಿರಿದಾಗಿದ್ದುದರಿಂದ ಮೆಷಿನ್ ಗನ್ನಿನ ಮೋಟಾರುಗಳು ಒಳಗೆ ಹೋಗಲಾಗಲಿಲ್ಲ.

ಮುಂದೆ ಹಂಟರ್ ಕಮಿಟಿಯ ಎದುರಿಗೆ ಡಯರ್ ಏನನ್ನೂ ಮುಚ್ಚಿಡಲಿಲ್ಲ. ಗುಂಡು ಹಾರಿಸದೆಯೂ ಗುಂಪನ್ನು ಚೆದರಿಸಬಹುದಿತ್ತೇನೋ ಎಂದೂ, ಆದರೆ ಅವರು ಮತ್ತೆ ಸೇರಿ ತನ್ನನ್ನು ನೋಡಿ ನಗುತ್ತಿದ್ದರೆಂದೂ ಒಪ್ಪಿಕೊಂಡ. ಈ ಒಂದು ಮಾತಿನಲ್ಲಿ ಕಾಯಿದೆಯ ಪ್ರಾಣವೇ ಹೋಯಿತು. ಕಾಯಿದೆ ಹೇಳಿದ್ದು ಗುಂಪನ್ನು ಚೆದರಿಸು ಎಂದು. ಆತ ಮಾಡಿದ್ದು ಇಡೀ ಪಂಜಾಬಿಗೆ ಪಾಠ ಕಲಿಸಲು. ಮೊದಲನೆಯದು ಪೇಟೆಯ ಕೆಲಸ, ಎರಡನೆಯದು ಯುದ್ಧದ ಕೆಲಸ. ಮ್ಯಾಜಿಸ್ಟ್ರೇಟರು ಹಗ್ಗವನ್ನು ಬಿಟ್ಟುಕೊಟ್ಟ ದಿನ ಸೈನ್ಯದ ಅಧಿಕಾರಿಯ ಕೈಯಲ್ಲಿ ಕಾಯಿದೆ ಉಳಿಯಲಿಲ್ಲ, ಬರೀ ಕೋವಿ ಉಳಿಯಿತು.

ಸ್ವಂತ ರಾಜ್ಯದಲ್ಲಿ ಇಂಥದಕ್ಕೆ ಎಡೆಯಿರಲಾರದೆಂದು ನಮ್ಮ ಹಿರಿಯರು ನಂಬಿದ್ದರು. ಆದರೆ ೧೯೪೨ರಲ್ಲಿ ‘ಚಲೇಜಾವ್’ ಚಳುವಳಿಯನ್ನು ಅಡಗಿಸಲು ವೈಸರಾಯ್ ಲಿನ್‌ಲಿತ್‌ಗೋ ಹೊರಡಿಸಿದ ಆರ್ಡಿನೆನ್ಸೊಂದು ಹದಿನಾರು ವರ್ಷಗಳ ಮೇಲೆ ಬೇರೆ ಉಡುಪಿನಲ್ಲಿ ಮರಳಿ ಬಂತು. ನಾಗಾ ಬೆಟ್ಟಗಳಲ್ಲಿ ಬಂಡಾಯವೆದ್ದಾಗ ಅಸ್ಸಾಂ ಮತ್ತು ಮಣಿಪುರಗಳಿಗಾಗಿ ೧೯೫೮ರಲ್ಲಿ ನಮ್ಮ ಪಾರ್ಲಿಮೆಂಟು ಸಶಸ್ತ್ರ ಪಡೆಗಳ ವಿಶೇಷ ಅಧಿಕಾರದ ಕಾಯಿದೆಯನ್ನು ಮಾಡಿತು. ಮಣಿಪುರದ ಸದಸ್ಯ ಲೈಶ್ರಾಂ ಅಚೌ ಸಿಂಗರು ವಿರೋಧಿಸಿದರು, ಫಲವಾಗಲಿಲ್ಲ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಪರದೇಶಿಯ ಆರ್ಡಿನೆನ್ಸು ಕೊಲ್ಲುವಷ್ಟು ಬಲ ಬಳಸುವ ಅಧಿಕಾರವನ್ನು ಕ್ಯಾಪ್ಟನ್ನಿಗಿಂತ ಕೆಳಗಿನವರಿಗೆ ಕೊಟ್ಟಿರಲಿಲ್ಲ. ನಮ್ಮ ಕಾಯಿದೆ ಅದನ್ನು ಹವಾಲ್ದಾರನವರೆಗೂ ಇಳಿಸಿತು. ‘ಗಲಭೆಯ ಪ್ರದೇಶ’ವೆಂದು ಒಮ್ಮೆ ಸಾರಿದರೆ ಸಾಕು, ಐದು ಜನ ಸೇರಬಾರದೆಂಬ, ಆಯುಧ ಹಿಡಿಯಬಾರದೆಂಬ ಆಜ್ಞೆಯನ್ನು ಮೀರಿದವರ ಮೇಲೆ, ಶಾಂತಿಪಾಲನೆಗೆ ಅಗತ್ಯವೆಂದು ತನಗೆ ತೋರಿದರೆ, ಎಚ್ಚರಿಕೆ ಕೊಟ್ಟು ಗುಂಡು ಹಾರಿಸಬಹುದು. ಪ್ರತಿಯೊಂದು ಸಲವೂ ಮ್ಯಾಜಿಸ್ಟ್ರೇಟರು ಕರೆಯಬೇಕೆಂಬ ನಿಯಮ ಅಲ್ಲಿಲ್ಲ. ಹಿಡಿದವರನ್ನು ತಡಮಾಡದೆ ಹತ್ತಿರದ ಪೋಲೀಸ್ ಠಾಣೆಗೆ ಒಪ್ಪಿಸಬೇಕೆಂಬುದನ್ನು ಮಾತ್ರ ಉಳಿಸಿದ್ದಾರೆ. ಪಂಜಾಬಿಗೆ ೧೯೮೩ರಲ್ಲಿ, ಜಮ್ಮು ಕಾಶ್ಮೀರಕ್ಕೆ ೧೯೯೦ರಲ್ಲಿ ಇಂಥವೇ ಕಾಯಿದೆಗಳು ಬಂದವು. ತ್ರಿಪುರದಿಂದ ೨೦೧೫ರಲ್ಲಿ, ಮೇಘಾಲಯದಿಂದ ೨೦೧೮ರಲ್ಲಿ ಈ ಕಾಯಿದೆಯ ಅಧಿಕಾರವನ್ನು ಹಿಂದೆ ತೆಗೆದುಕೊಂಡರು.

ನ್ಯಾಯಾಲಯ ಬಿಗಿದ ಗಂಟು

ಇಂಥ ಕಾಯಿದೆ ಸಂವಿಧಾನಕ್ಕೆ ಒಪ್ಪುವುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂತು. ೧೯೯೭ರ ನವೆಂಬರ್ ೨೭ರಂದು ತೀರ್ಪಾಯಿತು. ಕಾಯಿದೆಯನ್ನು ಅವರು ತಳ್ಳಿಹಾಕಲಿಲ್ಲ. ಆದರೆ ಸಡಿಲವಾಗಿದ್ದ ಹಗ್ಗಕ್ಕೆ ಕೆಲವು ಗಂಟುಗಳನ್ನು ಬಿಗಿದರು. ಸೈನ್ಯ ನಾಗರಿಕ ಆಡಳಿತಕ್ಕೆ ನೆರವಾಗಬಹುದೇ ಹೊರತು ಅದರ ಜಾಗದಲ್ಲಿ ತಾನೇ ಕೂಡುವಂತಿಲ್ಲ. ‘ಗಲಭೆಯ ಪ್ರದೇಶ’ವೆಂಬ ಸಾರಿಕೆಯನ್ನು ಆರು ತಿಂಗಳು ತುಂಬುವುದರೊಳಗೆ ಮತ್ತೆ ಪರಿಶೀಲಿಸಬೇಕು. ಸೈನ್ಯ ತನ್ನ ಜವಾನರಿಗಾಗಿ ಬರೆದುಕೊಂಡ ‘ಮಾಡು–ಮಾಡಬೇಡ’ಗಳ ಪಟ್ಟಿ ಬರೀ ಹಿತೋಪದೇಶವಲ್ಲ, ಅದಕ್ಕೆ ಬದ್ಧರಾಗಿ ನಡೆಯಲೇಬೇಕು.

ಆದರೆ ಕಾಗದದ ಮೇಲೆ ಬಿಗಿದ ಗಂಟು ನೆಲದ ಮೇಲೆ ನಿಲ್ಲಬೇಕಲ್ಲ. ಮಣಿಪುರದಲ್ಲಿ ಗಂಡನನ್ನು, ಮಗನನ್ನು ಕಳೆದುಕೊಂಡ ಹೆಂಗಸರು ಒಟ್ಟಾಗಿ ೧,೫೨೮ ಸಾವುಗಳ ಪಟ್ಟಿಯನ್ನು ಹಿಡಿದು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಇವರೆಲ್ಲ ಸೈನಿಕರ, ಪೋಲೀಸರ ಕೈಯಲ್ಲಿ ಅನ್ಯಾಯವಾಗಿ ಸತ್ತವರೆಂಬುದು ಅವರ ದೂರು. ಅವುಗಳಲ್ಲಿ ಆರು ಪ್ರಕರಣಗಳನ್ನು ವಿಚಾರಿಸಲು ೨೦೧೩ರಲ್ಲಿ ಕೋರ್ಟು ನೇಮಿಸಿದ ಆಯೋಗಕ್ಕೆ ಅಧ್ಯಕ್ಷರಾದವರು ನಮ್ಮವರೇ ಆದ ನ್ಯಾಯಮೂರ್ತಿ ಎನ್. ಸಂತೋಷ ಹೆಗ್ಡೆಯವರು. ಕರ್ನಾಟಕದ ಲೋಕಾಯುಕ್ತರಾಗಿ ಗಣಿಗಳ ವರದಿ ಕೊಟ್ಟ ಹೆಗ್ಡೆಯವರನ್ನು ನಮ್ಮ ಓದುಗರು ಬಲ್ಲರು. ಕರ್ನಾಟಕದ ಪೋಲೀಸ್ ಮಹಾನಿರ್ದೇಶಕರಾಗಿದ್ದ ಅಜಯ್ ಕುಮಾರ್ ಸಿಂಗರೂ, ಚುನಾವಣಾ ಆಯುಕ್ತರಾಗಿದ್ದ ಜೆ. ಎಂ. ಲಿಂಗ್ಡೋ ಅವರೂ ಜೊತೆಗಿದ್ದರು. ಆಯೋಗದ ನಿರ್ಣಯ: ಆರರಲ್ಲಿ ಒಂದೂ ನಿಜವಾದ ಕಾದಾಟವಲ್ಲ. ಸತ್ತವರಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗನೂ ಇದ್ದ.

೨೦೧೬ರ ಜುಲೈ ೮ರಂದು ನ್ಯಾಯಮೂರ್ತಿಗಳಾದ ಮದನ್ ಲೋಕೂರ್ ಮತ್ತು ಉದಯ ಲಲಿತರು ಕೊಟ್ಟ ತೀರ್ಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗಲಭೆಯ ಪ್ರದೇಶವೇ ಆಗಲಿ, ಮಿತಿಮೀರಿದ ಬಲದಿಂದ ಸಾವಾಯಿತೆಂಬ ದೂರು ಬಂದರೆ ವಿಚಾರಣೆ ಆಗಲೇಬೇಕು. ಸಮವಸ್ತ್ರ ತೊಟ್ಟವರೆಂಬ ಮಾತ್ರಕ್ಕೆ ಯಾರಿಗೂ ಸಂಪೂರ್ಣ ವಿನಾಯಿತಿ ಇಲ್ಲ.

ಇಷ್ಟಾದರೂ ಕಗ್ಗಂಟೊಂದು ಉಳಿದೇ ಇದೆ. ೨೦೨೧ರ ಡಿಸೆಂಬರ್ ೪ರಂದು ನಾಗಾಲ್ಯಾಂಡಿನ ಓಟಿಂಗ್ ಹಳ್ಳಿಯ ಹತ್ತಿರ, ಕಲ್ಲಿದ್ದಲ ಗಣಿಯಿಂದ ಮನೆಗೆ ಮರಳುತ್ತಿದ್ದ ಆರು ಜನ ಕೂಲಿಗಳನ್ನು ಸೈನ್ಯದ ವಿಶೇಷ ದಳ ಬಂಡಾಯಗಾರರೆಂದು ತಪ್ಪು ತಿಳಿದು ಗುಂಡಿಕ್ಕಿತು. ಅದರ ಬೆನ್ನಿಗೆ ಎದ್ದ ಗಲಭೆಯಲ್ಲಿ ಇನ್ನಷ್ಟು ಹಳ್ಳಿಗರೂ ಒಬ್ಬ ಸೈನಿಕನೂ ಸತ್ತರು. ನಾಗಾಲ್ಯಾಂಡಿನ ಪೋಲೀಸರು ಮೂವತ್ತು ಜನ ಸೈನಿಕರ ಮೇಲೆ ಆರೋಪಪಟ್ಟಿ ಸಲ್ಲಿಸಿದರು. ೨೦೨೩ರಲ್ಲಿ ಕೇಂದ್ರ ಸರ್ಕಾರ ಮೊಕದ್ದಮೆಗೆ ಅನುಮತಿ ಕೊಡಲಿಲ್ಲ. ೨೦೨೪ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಮೊಕದ್ದಮೆಗಳನ್ನು ಮುಕ್ತಾಯ ಮಾಡಿತು. ಮುಂದೆ ಅನುಮತಿ ದೊರೆತರೆ ನಡೆಸಬಹುದೆಂದಿತು. ಒಳ್ಳೆಯ ಮನಸ್ಸಿನಿಂದ ದುಡಿದ ಸಿಪಾಯಿಯನ್ನು ಸುಳ್ಳು ದೂರುಗಳಿಂದ ಕಾಪಾಡಲೆಂದು ಹಾಕಿದ ಬಾಗಿಲು, ನೊಂದವರು ನ್ಯಾಯ ಕೇಳಲು ಬಂದಾಗಲೂ ಹಾಕಿಯೇ ಇದ್ದರೆ ಹೇಗೆ?

ಹಾಗೆಂದು ನಾವು ಸಿಪಾಯಿಯನ್ನು ಹಳಿಯಲು ಹೊರಟಿಲ್ಲ. ಕಾರಿಯಪ್ಪ, ತಿಮ್ಮಯ್ಯರಂಥ ದಳಪತಿಗಳನ್ನು ಕೊಟ್ಟ ನಾಡು ನಮ್ಮದು. ನಮ್ಮ ಸಂಘಗಳಲ್ಲೇ ಮಕ್ಕಳನ್ನು ಸೈನ್ಯಕ್ಕೆ ಕಳುಹಿಸಿದ ಮನೆಗಳು ಎಷ್ಟೋ ಇವೆ. ಗಡಿಯಲ್ಲಿ ಹಿಮದಲ್ಲಿ ನಿಲ್ಲಲು ಸಿದ್ಧನಾಗಿ ಹೋದ ಹುಡುಗನನ್ನು ತನ್ನದೇ ದೇಶದ ಬೀದಿಯಲ್ಲಿ, ಭಾಷೆ ತಿಳಿಯದ ಜನರ ಎದುರಿಗೆ, ಯಾರು ತಪ್ಪಿತಸ್ಥರು ಯಾರು ಅಲ್ಲ ಎಂಬುದು ಗೊತ್ತಾಗದಲ್ಲಿ ವರ್ಷಗಟ್ಟಲೆ ನಿಲ್ಲಿಸಿದರೆ ಅದು ಅವನಿಗೂ ಅನ್ಯಾಯ. ಕಾಯಿದೆಯ ಕಡಿವಾಣ ಜನರನ್ನು ಕಾಯುವಂತೆ ಅವನನ್ನೂ ಕಾಯುತ್ತದೆ. ಮ್ಯಾಜಿಸ್ಟ್ರೇಟರ ಕೋರಿಕೆಯನ್ನು ಕಾಗದದ ಮೇಲೆ ಬರೆಸಿಕೊಳ್ಳುವ ರೂಢಿ ಸೈನ್ಯದಲ್ಲಿ ಬಂದಿರುವುದು ಸುಮ್ಮನೆ ಅಲ್ಲ.

ಕರೆಯದೆ ಇದ್ದ ತಪ್ಪು

ಇಷ್ಟು ಓದಿದವರಿಗೆ ಸೈನ್ಯವನ್ನು ಕರೆಯದಿರುವುದೇ ಲೇಸೆಂದು ತೋರಬಹುದು. ಆದರೆ ಹಗ್ಗ ಹಿಡಿದವರು ಕೈಕಟ್ಟಿ ಕುಳಿತರೂ ಜನ ಸಾಯುತ್ತಾರೆ.

ದಿಲ್ಲಿಯ ಓದುಗರನ್ನು ಕೇಳಿದರೆ ತಿಳಿದೀತು. ೧೯೮೪ರ ಅಕ್ಟೋಬರ್ ೩೧ರಂದು ಪ್ರಧಾನಿ ಇಂದಿರಾ ಗಾಂಧಿಯವರ ಕೊಲೆಯಾಯಿತು. ಮಾರನೆಯ ದಿನದಿಂದ ಸಿಖ್ಖರ ಮನೆಗಳಿಗೆ ಬೆಂಕಿ ಬಿತ್ತು. ಕಂಟೋನ್ಮೆಂಟು ದಿಲ್ಲಿಯಲ್ಲೇ ಇತ್ತು, ಸೈನಿಕರೂ ಇದ್ದರು. ಆದರೆ ಅವರು ಬೀದಿಯಲ್ಲಿ ನಿಂತು ಕೆಲಸ ಮಾಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸರ್ಕಾರದ ಲೆಕ್ಕದಂತೆ ದಿಲ್ಲಿಯೊಂದರಲ್ಲೇ ಸತ್ತವರು ೨,೭೩೩. ನವೆಂಬರ್ ೧ರ ಬೆಳಿಗ್ಗೆಯೇ ಸೈನ್ಯವನ್ನು ಕರೆದಿದ್ದರೆ ಕಡಮೆಯೆಂದರೂ ಎರಡು ಸಾವಿರ ಜೀವಗಳು ಉಳಿಯುತ್ತಿದ್ದವೆಂದು ವಿಚಾರಣೆ ನಡೆಸಿದ ನ್ಯಾಯಮೂರ್ತಿ ರಂಗನಾಥ ಮಿಶ್ರರ ಆಯೋಗವೇ ಹೇಳಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು.

ಮುಂಬಯಿಯ ಕಥೆ ಇನ್ನೊಂದು ಬಗೆ. ಅಲ್ಲಿ ಸೈನ್ಯವನ್ನು ಕರೆದರು. ಆದರೆ ಬಹುಮಟ್ಟಿಗೆ ಬೀದಿಯಲ್ಲಿ ಮೆರವಣಿಗೆ ಹೋಗಲು, ನೋಡಿದವರು ಹೆದರಲಿ ಎಂದು. ಮೊದಲ ಸಲ ಲಾರಿ ಕಂಡಾಗ ಗಲಭೆಕೋರರು ಓಡಿದರು. ಏನೂ ಆಗುವುದಿಲ್ಲವೆಂದು ತಿಳಿದ ಮೇಲೆ ಹೆದರಿಕೆ ಹೋಯಿತು. ೧೯೯೨ರ ಡಿಸೆಂಬರ್ ಮತ್ತು ೧೯೯೩ರ ಜನವರಿಗಳಲ್ಲಿ ಸತ್ತವರು ೯೦೦ ಜನ ಎಂದು ನ್ಯಾಯಮೂರ್ತಿ ಶ್ರೀಕೃಷ್ಣರ ಆಯೋಗ ಲೆಕ್ಕ ಹಾಕಿತು. ಸೈನ್ಯವನ್ನು ಪರಿಣಾಮವಾಗುವಂತೆ ಬಳಸಲು ಆಜ್ಞೆ ಮಾಡುವುದರಲ್ಲಿ ಜನವರಿ ೮ರಿಂದ ೧೨ರವರೆಗೆ ನಾಲ್ಕು ಅಮೂಲ್ಯ ದಿನಗಳು ಕಳೆದುಹೋದವೆಂದೂ, ಅದರ ಹೊಣೆ ಆಗಿನ ಮುಖ್ಯಮಂತ್ರಿಯದೆಂದೂ ವರದಿ ಹೇಳಿದೆ.

ನಮ್ಮ ನೆರೆಮನೆಯ ಹುಡುಗನಿಗೆ ಉತ್ತರ ಇಲ್ಲಿದೆ. ಹಸಿರು ಲಾರಿಯ ಮೇಲೆ ಕುಳಿತಿದ್ದ ಜವಾನನಿಗೆ ನಮ್ಮ ಮೇಲೆ ಕರುಣೆ ಇರಲಿಲ್ಲವೆಂದಲ್ಲ. ಅವನು ತಾನಾಗಿ ಕೆಳಗಿಳಿಯುವಂತಿರಲಿಲ್ಲ. ಇಳಿ ಎನ್ನಬೇಕಾದವರು ಅನ್ನಲಿಲ್ಲ.

ನಮಗೂ ಇದರಲ್ಲಿ ಪಾಲುಂಟು

ಹುಟ್ಟಿದೂರು ಬಿಟ್ಟು ಬಂದವರು ನಾವು. ಗಲಭೆಯೆಂದರೆ ನಮಗೆ ಉಳಿದವರಿಗಿಂತ ಒಂದು ತೂಕ ಹೆಚ್ಚು ಅಂಜಿಕೆ. ಬೀದಿಯ ಭಾಷೆ ನಮ್ಮದಲ್ಲ, ಓಡಿಹೋಗೋಣವೆಂದರೆ ಅಣ್ಣನ ಮನೆ ಪಕ್ಕದ ಓಣಿಯಲ್ಲಿಲ್ಲ. ಆದ್ದರಿಂದಲೇ “ಮಿಲಿಟರಿಗೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ” ಎಂಬ ಮಾತು ನಮ್ಮ ಬಾಯಲ್ಲಿ ಬೇಗ ಬರುತ್ತದೆ. ಸಂಘದ ವರಾಂಡದಲ್ಲಿ ಸಂಜೆಯ ಹರಟೆಗೆ ಕುಳಿತಾಗ ನಾವೂ ಈ ಮಾತನ್ನು ಆಡಿದ್ದುಂಟು. ಈಗ ಆಡುವುದಿಲ್ಲ. ದಂಡು ಮದ್ದು, ಅನ್ನವಲ್ಲ. ಪ್ರಾಣದ ಮೇಲೆ ಬಂದಾಗ ತಡಮಾಡದೆ ಕೊಡಬೇಕು; ರೋಗ ಇಳಿದೊಡನೆ ನಿಲ್ಲಿಸಬೇಕು. ದಿಲ್ಲಿಯಲ್ಲಿ ಮದ್ದನ್ನು ಹೊತ್ತಿಗೆ ಕೊಡಲಿಲ್ಲ. ಈಶಾನ್ಯದ ಬೆಟ್ಟಗಳಲ್ಲಿ ಅರುವತ್ತು ವರ್ಷ ಕಳೆದರೂ ಕೆಲವು ಕಡೆ ಅದನ್ನೇ ಊಟವೆಂದು ಬಡಿಸುತ್ತಿದ್ದಾರೆ.

ಮುಂದೆಂದಾದರೂ ನಮ್ಮ ಬೀದಿಗೆ ಹಸಿರು ಲಾರಿಗಳು ಬಂದರೆ, ಬಾರದಿರಲಿ ಎಂದೇ ನಮ್ಮ ಹಾರೈಕೆ, ಎರಡನೆಯ ಮಾಳಿಗೆಯ ಅಜ್ಜಿಯಂತೆ ಕೈಮುಗಿಯೋಣ, ತಪ್ಪಿಲ್ಲ. ಕೈಮುಗಿದ ಮೇಲೆ ಆ ಹುಡುಗನಂತೆ ಕೇಳಲೂಬೇಕು. ಇವರನ್ನು ಕರೆದವರು ಯಾರು? ಕರೆಯಲು ಇಷ್ಟು ತಡವೇಕಾಯಿತು? ಎಷ್ಟು ದಿನ ಇಲ್ಲಿರುತ್ತಾರೆ? ತಪ್ಪಾದರೆ ಯಾರನ್ನು ವಿಚಾರಿಸಬೇಕು? ಈ ಪ್ರಶ್ನೆಗಳನ್ನು ಸಿಪಾಯಿಗೆ ಕೇಳಿ ಫಲವಿಲ್ಲ, ಕೇಳುವುದು ನ್ಯಾಯವೂ ಅಲ್ಲ. ಮ್ಯಾಜಿಸ್ಟ್ರೇಟರನ್ನು, ಮಂತ್ರಿಯನ್ನು, ಓಟು ಕೇಳಲು ಮನೆಯ ಮೆಟ್ಟಲು ಹತ್ತಿ ಬಂದವರನ್ನು ಕೇಳಬೇಕು.

ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲ ಉಳಿಯದು. ಬೇಲಿಯೇ ಇಲ್ಲದಿದ್ದರೂ ಉಳಿಯದು. ಹೊಲದವನು ಬೇಲಿಯ ಮೇಲೆ ಕಣ್ಣಿಟ್ಟಿರಬೇಕು. ಈ ದೇಶದ ಹೊಲದವರು ನಾವೇ.